ಹಲ್ಲು ಕಿತ್ತ ಗೇರು ಮತ್ತು ಹಿರಿಯಳಿಯನ ಮರ್ಯಾದೆ

ಮನುಷ್ಯನನ್ನು ಯಾರು ಬೇಕಾದರೂ ಹಿಂದೆ ಹಾಕಲಿ, ಹಾಲಿನ ಕ್ಯಾನು ಕಟ್ಟಿಕೊಂಡ ಲೂನಾ ಮಾತ್ರ ಹಿಂದೆ ಹಾಕಬಾರದು. ಬಸ್ಸು ಹಿಂದೆ ಹಾಕಿದರೆ ಪಾಪ, ಅದಕ್ಕೆ ಟೈಮಿದೆ ಅಂದುಕೊಳ್ಳಬಹುದು. ಲಾರಿ ಹಿಂದೆ ಹಾಕಿದರೆ ಸದ್ಯ, ಪ್ರಾಣ ಉಳಿಯಿತು ಅಂದುಕೊಳ್ಳಬಹುದು. ಆದರೆ ಕೆ.ಆರ್.ಎಸ್.ನಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ, ಸ್ವಂತ ಫಿಯೆಟ್ ಕಾರಿನಲ್ಲಿ, ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತಿರುವ ಗಂಡಸನ್ನು ಒಂದು ಲೂನಾ, ಅದೂ ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು, ಮೇಲೆ ಕೂತವನು ಬೀಡಿಯನ್ನೂ ಬಾಯಿಂದ ತೆಗೆಯದೆ ಹಿಂದೆ ಹಾಕಿ ಹೋದರೆ ಏನಂದುಕೊಳ್ಳಬೇಕು?

ನಾನು ಏನಾದರೂ ಅಂದುಕೊಳ್ಳುವ ಮೊದಲೇ ಮಂಗಳಮ್ಮ ಅಂದಳು. (ನಮ್ಮ ಮನೆಯಲ್ಲಿ ಇದೇ ಪದ್ಧತಿ.)

"ರೀ, ಮೂರನೇ ಗೇರಿಂದ ಎರಡನೇ ಗೇರಿಗೆ ಇಳ್ಯಕ್ಕೆ ಪಂಚಾಂಗ ಯಾಕ್ರೀ ನೋಡ್ತೀರಿ? ಆಕದಾದ್ರೆ ಆಕ್ಬುಡಿ. ನ್ಯೂಟ್ರಲ್ಲಲ್ಲಿ ವಸಿ ರೈಸ್ ಮಾಡಿ ಆಕಿ, ಬೆಣ್ಣೆ ಇದ್ದಂಗೆ ಬೀಳ್ತದೆ."

"ಸೌಟು ಹಿಡಿಯೋ ಕೈಗೆ ಗೇರಿನ ವಿಚಾರ ಯಾಕೆ ಬೇಕು?" ಎಂದೆ. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ನಾನು ಸ್ವಲ್ಪ ನಿಧಾನಸ್ಥ ಎನ್ನುವುದು ನಿಜ. ನೀರಾವರಿ ಇಲಾಖೆಯಲ್ಲಿ ಹದಿನಾಲ್ಕು ವರ್ಷ ಗುಮಾಸ್ತಿಕೆ ಮಾಡಿದವನಿಗೆ, ಒಂದು ಕಡತವನ್ನು ಈ ಮೇಜಿನಿಂದ ಆ ಮೇಜಿಗೆ ಸರಿಸುವ ಮುನ್ನ ನಾಲ್ಕು ಸಲ ಯೋಚಿಸುವ ಅಭ್ಯಾಸ ಬಂದಿರುತ್ತದೆ. ಗೇರಿನ ವಿಷಯದಲ್ಲೂ ಅದೇ ಆಗಿತ್ತು. ಆದರೆ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವವನು ಗುಮಾಸ್ತನೇ ಅಲ್ಲ. ಆದ್ದರಿಂದ ತಪ್ಪೆಲ್ಲ ಗೇರ್‌ಬಾಕ್ಸಿನದು ಎಂದು ತೀರ್ಮಾನಿಸಿ, ಮರುದಿನವೇ ಕಾರನ್ನು ಪಾಂಡವಪುರದ ಕುಳ್ಳಯ್ಯನ ಶೆಡ್ಡಿಗೆ ಒಯ್ದೆ.

ಕುಳ್ಳಯ್ಯ ಆರಡಿ ಎರಡಂಗುಲದ ಮೆಕ್ಯಾನಿಕ್ಕು. (ಹೆಸರಿಟ್ಟವರು ಮಗುವಾಗಿದ್ದಾಗ ಇಟ್ಟಿದ್ದು, ಅವರ ತಪ್ಪಲ್ಲ.) ಅವನು ಹಿಂದೆ ಬೆಂಗಳೂರಿನಲ್ಲಿ ಯಾರೋ ರೇಸು ಕಾರಿನವರ ಶೆಡ್ಡಿನಲ್ಲಿ ಎರಡು ವರ್ಷ ಇದ್ದು ಬಂದವನು. ಕಾರನ್ನು ಒಂದು ಸುತ್ತು ಓಡಿಸಿ ನೋಡಿ, ಕೈ ಒರೆಸಿಕೊಳ್ಳುತ್ತ ಬಂದ.

"ನಿಮ್ ಗೇರ್‌ಬಾಕ್ಸು ಚೆನ್ನಾಗೇ ಐತೆ ಸಾ. ಆದ್ರೆ ಇದು ಸಂಸಾರಸ್ತರ ಬಾಕ್ಸು."

ಅವನು ಹೇಳಿದ್ದರ ತಾತ್ಪರ್ಯ ಇಷ್ಟು. ಗೇರ್‌ಬಾಕ್ಸಿನ ಒಳಗೆ ಎರಡು, ಮೂರು, ನಾಲ್ಕನೇ ಗೇರಿಗೆ ಒಂದೊಂದು ಹಿತ್ತಾಳೆ ಬಳೆ ಇರುತ್ತದೆ. ಇಂಜಿನ್ನು ತಿರುಗುವ ವೇಗ ಒಂದು, ಚಕ್ರ ತಿರುಗುವ ವೇಗ ಒಂದು. ಈ ಬಳೆ ನಡುವೆ ಕೂತು, ಮದುವೆ ಮಾತುಕತೆಗೆ ಬಂದ ಮಧ್ಯಸ್ಥನಂತೆ "ನೀನು ಸ್ವಲ್ಪ ಇಳಿ, ನೀನು ಸ್ವಲ್ಪ ಏರು" ಎಂದು ಎರಡೂ ಕಡೆಯವರನ್ನು ಒಪ್ಪಿಸುತ್ತದೆ. ಒಪ್ಪಿದ ಮೇಲೆ ಹಲ್ಲಿಗೆ ಹಲ್ಲು ಕೂರುತ್ತದೆ. ಅದಕ್ಕೇ ಗೇರು ಬೀಳುವುದು ತಡ.

"ರೇಸಿನೋರು ಈ ಬಳೆ ಕಿತ್ತು ಬಿಸಾಕ್ತಾರೆ ಸಾ. ಗೇರಿನ ಅಲ್ಲನ್ನ ಒಂದ್ ಬುಟ್ಟು ಒಂದು ಅರೆದುಬುಡ್ತಾರೆ. ಸಂದು ಅಗಲ ಆಯ್ತದೆ. ಗೇರು ಟಪ್ ಅಂತ ಬೀಳ್ತದೆ. ಮದ್ಯಸ್ತ ಇಲ್ಲ, ಮಾತುಕತೆ ಇಲ್ಲ."

"ನಮ್ಮ ಕಾರಿಗೂ ಮಾಡಬಹುದಾ?"

"ಮಾಡ್ಬೋದು. ಆದ್ರೆ ಒಂದು. ಗೇರಾಕೋ ಕೈ ಅನುಮಾನ ಪಡಬಾರ್ದು. ಅನುಮಾನ ಪಟ್ಟೋರ್ನ ಅದು ಕಚ್ತದೆ." (ಇಂಥ ಬಾಕ್ಸಿಗೆ ಇಂಗ್ಲಿಷಿನಲ್ಲಿ 'ಡಾಗ್ ಬಾಕ್ಸ್' ಎನ್ನುತ್ತಾರಂತೆ, ಹೆಸರಿನಲ್ಲೇ ನಾಯಿ. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.)

ಮಂಗಳಮ್ಮನಿಗೆ "ಸರ್ವೀಸಿಗೆ ಬಿಟ್ಟಿದ್ದೇನೆ" ಎಂದು ಸುಳ್ಳು ಹೇಳಿ, ನಾಲ್ಕು ಭಾನುವಾರ ಕುಳ್ಳಯ್ಯನ ಶೆಡ್ಡಿನಲ್ಲಿ ಕೂತೆ. ಹಲ್ಲು ಅರೆಯುವುದು ಅವನ ಕೆಲಸ, ಯಾವ ಹಲ್ಲು ಅರೆಯಬೇಕೆಂದು ಗುರುತು ಹಾಕುವುದು ನನ್ನ ಕೆಲಸ. ಆಫೀಸಿನ ಕೆಂಪು ಪೆನ್ಸಿಲು ತಂದು, ಒಂದು ಹಲ್ಲು ಬಿಟ್ಟು ಒಂದು ಹಲ್ಲಿಗೆ ಟಿಕ್ಕು ಹಾಕುತ್ತ ಹೋದೆ. ಎರಡನೇ ಗೇರು ಸರಿಯಾಗಿ ಆಯಿತು. ಮೂರನೇ ಗೇರಿನ ಅರ್ಧಕ್ಕೆ ಬಂದಾಗ ಟೀ ಬಂತು. ಟೀ ಕುಡಿದು ಮತ್ತೆ ಶುರು ಮಾಡಿದವನು ಎಲ್ಲಿ ಬಿಟ್ಟಿದ್ದೆ ಎಂಬುದನ್ನು ಮರೆತು ಅಕ್ಕಪಕ್ಕದ ಎರಡು ಹಲ್ಲಿಗೂ ಟಿಕ್ಕು ಹಾಕಿಬಿಟ್ಟೆ. ಕುಳ್ಳಯ್ಯ ಎರಡನ್ನೂ ಅರೆದ ಮೇಲೆ ನನಗೆ ಗೊತ್ತಾಯಿತು. ಎರಡೂ ಹಲ್ಲನ್ನು ಬೆರಳಿಟ್ಟು ತೋರಿಸಿದೆ.

"ತಲೆ ಕೆಡುಸ್ಕಬೇಡಿ ಸಾ," ಎಂದ ಆ ಮಹಾನುಭಾವ. "ಅಲ್ಲು ಬಿದ್ದೋರೂ ಮುದ್ದೆ ನುಂಗಾಕಿಲ್ವಾ?"

ಕಾರು ಜೋಡಿಸಿದ ದಿನ ನಾಲೆ ಪಕ್ಕದ ರಸ್ತೆಯಲ್ಲಿ ಕುಳ್ಳಯ್ಯ ಓಡಿಸಿ ತೋರಿಸಿದ. ಟಕ್, ಟಕ್, ಟಕ್. ಮೂರು ಗೇರು ಮೂರು ಚಿಟಿಕೆ ಹೊಡೆದಷ್ಟೇ ಹೊತ್ತು. ನಾನು ಓಡಿಸಿದಾಗ ಮೊದಲು ಮೂರು ಸಲ ಕರಕರ ಎಂದು ಹಲ್ಲು ಕಡಿಯಿತು. ನಾಲ್ಕನೇ ಸಲ ನನಗೇ ಸಿಟ್ಟು ಬಂದು ಗೇರಿನ ಕಡ್ಡಿಯನ್ನು ಫಟಾರೆಂದು ಎಳೆದೆ. ಬಿತ್ತು! ಆಹಾ, ಆ ಸುಖವನ್ನು ಹೇಗೆ ಹೇಳಲಿ! ಅದೇ ಹೊತ್ತಿಗೆ, ದೈವಕೃಪೆ ನೋಡಿ, ಮುಂದೆ ಒಂದು ಲೂನಾ ಹೋಗುತ್ತಿತ್ತು. ಹಿಂದೆ ಹಾಕಿದೆ. ಕ್ಯಾನು ಇರಲಿಲ್ಲ, ಯಾರೋ ಪೂಜಾರಪ್ಪ, ಆದರೂ ಹಿಂದೆ ಹಾಕಿದೆ ತಾನೆ?

ಮನೆಗೆ ಬಂದು ಮೂರು ಹಿತ್ತಾಳೆ ಬಳೆಗಳನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಎರಡೇ ದಿನದಲ್ಲಿ ಅವು ಹುಣಿಸೇಹಣ್ಣಿನಲ್ಲಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತ ಅಡುಗೆಮನೆಯಲ್ಲಿ ಪ್ರತ್ಯಕ್ಷವಾದವು. ಒಂದರ ಮೇಲೆ ತುಪ್ಪದ ಗಿಂಡಿ ಕೂತಿತ್ತು.

"ಕಾರಿನ ಒಟ್ಟೇಲಿದ್ದ ಬಳೆ ತಾನೆ ಇವು?" ಎಂದಳು ಮಂಗಳಮ್ಮ. "ಕಿತ್ತೋರು ಯಾರು?"

"ಅವು ಬೇಡದ ಸಾಮಾನು ಕಣೇ."

"ಬ್ಯಾಡದ್ದಾಗಿದ್ರೆ ಮಾಡ್ದೋರು ಯಾಕೆ ಆಕ್ತಿದ್ರು?" ಎಂದು ಕೇಳಿ ಸೊಪ್ಪು ಸೋಸುತ್ತ ಕೂತಳು. ಹೆಂಗಸರಿಗೆ ಯಂತ್ರಶಾಸ್ತ್ರ ಅರ್ಥವಾಗುವುದಿಲ್ಲ ಎಂದುಕೊಂಡು ನಾನು ಪೇಪರು ಬಿಡಿಸಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಅದೇ ಮಾಘಮಾಸದಲ್ಲಿ ನನ್ನ ನಾದಿನಿ ಸುಧಳ ಮದುವೆ ಗೊತ್ತಾಯಿತು. ಹುಡುಗ ಕೆ.ಆರ್. ಪೇಟೆಯ ತಿಮ್ಮರಾಜು. ಮದುವೆ ಶ್ರೀರಂಗಪಟ್ಟಣದ ಛತ್ರದಲ್ಲಿ. ಧಾರೆ, ಊಟ ಎಲ್ಲ ಮುಗಿದ ಮೇಲೆ ಅದೇ ದಿನ ಹೆಣ್ಣುಗಂಡನ್ನು ಕೆ.ಆರ್. ಪೇಟೆಗೆ ಕರೆದೊಯ್ದು ಮನೆ ತುಂಬಿಸಬೇಕು. ಯಾರ ಗಾಡಿಯಲ್ಲಿ ಕರೆದೊಯ್ಯುವುದು ಎಂದು ಕಿರಂಗೂರಿನ ನಮ್ಮ ಮಾವನ ಜಗಲಿಯ ಮೇಲೆ ಮಾತು ಬಂತು. ನಮ್ಮ ಮಾವ ಬೋರಯ್ಯನವರು ಒಂದು ಕಾಲದಲ್ಲಿ ಸ್ವಂತ ಲಾರಿಯಲ್ಲಿ ಆಲೆಮನೆಗಳಿಂದ ಮಂಡ್ಯಕ್ಕೆ ಬೆಲ್ಲ ಹೊಡೆದವರು. ಗಾಡಿಯ ವಿಷಯದಲ್ಲಿ ಅವರ ಮಾತೇ ಕೊನೆ.

"ನನ್ ಮಾರುತಿ ವ್ಯಾನೈತೆ, ನಾನ್ ಕರ್ಕೊಂಡ್ ಓಯ್ತೀನಿ," ಎಂದ ಗಂಡಿನ ಸೋದರಮಾವ ಮಾಯಣ್ಣ.

ನನ್ನ ರಕ್ತ ಕುದಿಯಿತು. ಹೆಣ್ಣನ್ನು ಗಂಡನ ಮನೆಗೆ ಮುಟ್ಟಿಸುವುದು ಹಿರಿಯಳಿಯನ ಮರ್ಯಾದೆ. ಅದಕ್ಕೆಂದೇ ಗಂಡಿನ ಕಡೆಯಿಂದ ಜರಿಯಂಚಿನ ಪಂಚೆ, ಶಲ್ಯ ಕೊಟ್ಟು ಗೌರವಿಸುತ್ತಾರೆ. ಹನ್ನೆರಡು ವರ್ಷದಿಂದ ಆ ಮನೆಯ ಅಳಿಯನಾಗಿ, ಹಬ್ಬಹಬ್ಬಕ್ಕೆ ಕೋಳಿ ಸಾರು ಉಂಡದ್ದು ಬಿಟ್ಟರೆ ಬೇರೇನೂ ಸಾಧಿಸದ ನನಗೆ ಇದ್ದದ್ದು ಇದೊಂದೇ ಅವಕಾಶ.

"ಹಿರಿಯಳಿಯ ನಾನಿರುವಾಗ ವ್ಯಾನು ಯಾಕೆ?" ಎಂದು ಎದ್ದು ನಿಂತೆ. "ನನ್ನದು ಈಗ ರೇಸಿನ ಗೇರ್‌ಬಾಕ್ಸು!"

ಮಂಗಳಮ್ಮ ಬಾಗಿಲ ಹಿಂದಿನಿಂದ "ಬ್ಯಾಡ ಕಣ್ರೀ" ಎಂದು ಸನ್ನೆ ಮಾಡಿದಳು. ನಾನು ನೋಡಲಿಲ್ಲ ಅಂತಲ್ಲ, ನೋಡದವನಂತೆ ಇದ್ದೆ.

ಬೋರಯ್ಯನವರು ಎಲೆಅಡಿಕೆ ಉಗುಳಿ ಬಂದು ಹೇಳಿದರು: "ಆಯ್ತು ಅಳೀಮಯ್ಯ, ನೀವೇ ಓಡ್ಸಿ. ಆದ್ರೆ ಭಾನುವಾರ ನಾಕೂವರೆಗೆ ರಾವುಕಾಲ ಬೀಳ್ತದೆ. ಅಷ್ಟ್ರೊಳಗೆ ಹುಡುಗಿ ಒಸಿಲು ತುಳೀಬೇಕು. ಬೀಗಿತ್ತಿ ಪುಟ್ಟಗೌರಮ್ಮ ಸಾಸ್ತ್ರದಲ್ಲಿ ಬೋ ಕಟ್ಟುನಿಟ್ಟು."

ಮದುವೆ ದಿನ ಎರಡೂವರೆಗೆ ಹೊರಟೆವು. ಕಾರಿಗೆ ಸೇವಂತಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು. ಹಿಂದಿನ ಸೀಟಿನಲ್ಲಿ ಸುಧ, ತಿಮ್ಮರಾಜು, ಅವರ ಪಕ್ಕದಲ್ಲಿ ಕಳಸಗಿತ್ತಿಯಾಗಿ ನನ್ನ ಹೆಂಡತಿ. ಕಳಸಗಿತ್ತಿ ಎಂದರೆ ಮದುವೆ ಹೆಣ್ಣಿನ ಜೊತೆಗೇ ಇದ್ದು, ತುಂಬಿದ ಕಳಸ ಹಿಡಿದು ಗಂಡನ ಮನೆಯವರೆಗೂ ಹೋಗುವವಳು. ಕಳಸವನ್ನು ದಾರಿಯಲ್ಲಿ ಕೆಳಗಿಡುವಂತಿಲ್ಲ. ಹೆಣ್ಣು ನಡುದಾರಿಯಲ್ಲಿ ಕಾರಿನಿಂದ ಇಳಿದು ಇನ್ನೊಂದು ಗಾಡಿ ಹತ್ತುವಂತೆಯೂ ಇಲ್ಲ. ನಮ್ಮ ಹಿಂದೆ ಪಾತ್ರೆ ಪಗಡ, ಹೆಂಗಸರು ಮಕ್ಕಳನ್ನು ತುಂಬಿಕೊಂಡ ಮಾಯಣ್ಣನ ವ್ಯಾನು.

ಕಿರಂಗೂರು ದಾಟುವವರೆಗೆ ನಾನು ರಾಜ. ರಸ್ತೆ ಖಾಲಿ, ನಾಲ್ಕನೇ ಗೇರು, ಕಿವಿಯಲ್ಲಿ ಗಾಳಿ. "ಏನ್ ಸ್ಪೀಡಣ್ಣ!" ಎಂದ ತಿಮ್ಮರಾಜು. ಹೊಸ ಷಡ್ಡಕನ ಮೇಲೆ ನನಗೆ ತುಂಬ ಪ್ರೀತಿ ಬಂತು.

ಪಾಂಡವಪುರ ಬಂತು. ಕಬ್ಬಿನ ಗಾಡಿಗಳು ಬಂದವು.

ಕಬ್ಬು ಕಡಿಯುವ ಕಾಲದಲ್ಲಿ ಆ ರಸ್ತೆಯಲ್ಲಿ ಎತ್ತಿನ ಗಾಡಿಗಳ ಸಾಲು ಇರುತ್ತದೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಇಲ್ಲೇ ಹುಟ್ಟಿ ಬೆಳೆದು, ಕಬ್ಬು ಸಿಗಿದು ತಿಂದು ದೊಡ್ಡವನಾದ ನಾನು, ರೇಸಿನ ಗೇರು ಹಾಕಿಸುವಾಗ ಅದೊಂದನ್ನು ಮರೆತಿದ್ದೆ. ರೇಸಿನ ಗೇರಿಗೆ ಬೇಕಾದದ್ದು ಓಟ. ಎತ್ತುಗಳಿಗೆ ಬೇಕಾದದ್ದು ನಿಧಾನ. ಮೊದಲನೇ ಗೇರಿನಲ್ಲಿ ಹೋದರೆ ಕಾರು ಕುಪ್ಪಳಿಸುತ್ತಿತ್ತು, ಎರಡನೆಯದಕ್ಕೆ ಹಾಕಿದರೆ ಡಬ್ ಎಂದು ಯಾರೋ ಹಿಂದಿನಿಂದ ಒದ್ದಂತಾಗುತ್ತಿತ್ತು. ಡಬ್ ಎಂದಾಗಲೆಲ್ಲ ತಿಮ್ಮರಾಜುವಿನ ಪೇಟ ಮೂಗಿನವರೆಗೆ ಇಳಿಯಿತು, ಕಳಸದ ಕಾಯಿ ಒಂದಂಗುಲ ಮೇಲೆದ್ದು ಕೂತಿತು.

"ರೀ, ಅದನ್ನ ವದೀಬ್ಯಾಡಿ, ಇಂಜಿನ್ನು ಏನಂತದೆ ವಸಿ ಕೇಳ್ಕಳಿ!" ಎಂದಳು ಮಂಗಳಮ್ಮ.

"ನೀನು ಕಳಸ ನೋಡ್ಕೋ!"

ಚಿನಕುರಳಿ ದಾಟಿದ ಮೇಲೆ ಒಂದು ಏರು. ಮುಂದೆ ಗಾಡಿ ನಿಧಾನವಾಯಿತು. ನಾನು ಮೂರರಿಂದ ಎರಡಕ್ಕೆ ಇಳಿಸಬೇಕು. ಇಳಿಸಲೋ, ಬೇಡವೋ, ಈಗಲೋ, ಆಮೇಲೋ ಎಂದು ಒಂದು ಕ್ಷಣ ಅನುಮಾನಪಟ್ಟೆ. ಕುಳ್ಳಯ್ಯ ಹೇಳಿದ್ದು ಸುಳ್ಳಾಗಲಿಲ್ಲ. ಕರಕರಕರ ಎಂದು ಊರಿಗೆಲ್ಲ ಕೇಳುವಂತೆ ಕಚ್ಚಿತು. ಗೇರು ಬೀಳಲಿಲ್ಲ, ಇಂಜಿನ್ನು ಆಫಾಯಿತು. ನಾನು ಬ್ರೇಕು ಹುಡುಕುವಷ್ಟರಲ್ಲಿ ಕಾರು ಮೆಲ್ಲಗೆ ಹಿಂದಕ್ಕೆ ಹೊರಟಿತು.

"ಭಾವ," ಎಂದಳು ಸುಧ ಸಣ್ಣ ದನಿಯಲ್ಲಿ, "ನಾವು ಕಿರಂಗೂರ್ ಕಡೆಗೆ ಓಯ್ತಾ ಇದ್ದೀವಿ."

ವ್ಯಾನಿನಿಂದ ಹೆಂಗಸರು "ಅಯ್ಯಯ್ಯೋ, ಹೆಣ್ಣು ತವರಿಗೇ ವಾಪಸ್ ಒಂಟವ್ಳೆ!" ಎಂದು ಕೂಗಿದರು. ವ್ಯಾನಿಗೆ ಇನ್ನೊಂದು ಮೊಳ ಇದೆ ಎನ್ನುವಾಗ ಬ್ರೇಕು ಸಿಕ್ಕಿತು. ಗಂಟೆ ಮೂರೂಮುಕ್ಕಾಲು.

ಮಾಯಣ್ಣ ಇಳಿದು ಬಂದ. "ಇಳೀರಿ ಸ್ವಾಮೇರೆ, ನಾನ್ ತೋರುಸ್ತೀನಿ" ಎಂದು ನನ್ನನ್ನು ಎಬ್ಬಿಸಿ ಸ್ಟೇರಿಂಗಿಗೆ ಕೂತ. ಹೋಟೆಲಿನ ರುಬ್ಬುವ ಮೆಷಿನ್ನಿಗೆ ಕಲ್ಲು ಬಿದ್ದಂಥ ಸದ್ದಾಯಿತು. ಮೂರು ಸಲ ಪ್ರಯತ್ನಿಸಿ, ಮೂರು ಸಲವೂ ಆಫ್ ಮಾಡಿ ಇಳಿದ. "ಇದು ಕಾರಲ್ಲ ಕಣ್ರೀ, ಕಬ್ಬಿನ ಗಾಣ!"

ಸುಧಳ ಕಣ್ಣಲ್ಲಿ ನೀರು ತುಂಬಿತು. "ಅಕ್ಕಾ, ರಾವುಕಾಲ್ದಲ್ಲಿ ಒಸಿಲು ತುಳುದ್ರೆ ನಮ್ಮತ್ತೆ ಜೀವಮಾನ ಎಲ್ಲ ಅಂದಾಡ್ತಾರೆ. ಮನೇಲಿ ಆಲು ಒಡುದ್ರೂ ನನ್ ಕಾಲ್ಗುಣ ಅಂತಾರೆ."

ಆ ಮಾತು ಕೇಳಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನನ್ನ ಒಂದು ಶಲ್ಯದ ಆಸೆಗೆ ಈ ಹುಡುಗಿಯ ಜೀವಮಾನವೇ ಬಲಿಯಾಯಿತಲ್ಲ ಎಂದುಕೊಂಡೆ. ತಲೆ ತಗ್ಗಿಸಿ ನಿಂತೆ.

ಹಿಂದಿನ ಬಾಗಿಲು ತೆಗೆದ ಸದ್ದಾಯಿತು. ಮಂಗಳಮ್ಮ ಇಳಿದು ಬಂದು, ಕಳಸವನ್ನು ನನ್ನ ಎರಡು ಕೈಯಲ್ಲಿಟ್ಟಳು.

"ಇದ ಇಡ್ಕಂಡು ಇಂದೆ ಕುಂತ್ಕಳಿ. ತುಳುಕುಸ್ಬ್ಯಾಡಿ."

"ನೀನು ಎಲ್ಲಿಗೆ?"

"ಇನ್ನೆಲ್ಲಿಗೆ? ಕೆ.ಆರ್. ಪೇಟೆಗೆ." ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸ್ಟೇರಿಂಗಿನ ಮುಂದೆ ಕೂತೇಬಿಟ್ಟಳು.

"ಅಯ್ಯೋ, ನಿನಗೆ ಬರುತ್ತೇನೇ?"

"ನಮ್ಮಪ್ಪನ ಲಾರೀಲಿ ಯಾವ ಇತ್ತಾಳೆ ಬಳೆ ಇತ್ತು? ಅದಿನಾರು ವರ್ಸಕ್ಕೇ ಆಲೆಮನೆಯಿಂದ ರೋಡಿನ್ ಗಂಟ ಬೆಲ್ಲದ ಲಾರಿ ತತ್ತಿದ್ದೋಳು ನಾನು."

"ಹನ್ನೆರಡು ವರ್ಷದಿಂದ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದೆಲ್ಲಿ? ಬಾಯಿ ಬುಟ್ಟಾಗೆಲ್ಲ ಸೌಟು ಅಂದ್ರಿ." ಕನ್ನಡಿ ಸರಿ ಮಾಡಿಕೊಂಡಳು. "ಕುಂತ್ಕಳಿ ಬಿರ್‍ರನೆ, ಒತ್ತಾಯ್ತು."

ಆಮೇಲೆ ನಡೆದದ್ದನ್ನು ಹೇಳಿಕೊಳ್ಳಲು ನನಗೆ ಅಷ್ಟು ಇಷ್ಟವಿಲ್ಲ, ಆದರೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸ್ಟಾರ್ಟ್ ಮಾಡಿ ಏರು ಹತ್ತಿಸಿದಳು. ಮುಂದೆ ಗಾಡಿ ನಿಧಾನವಾದಾಗ ಕ್ಲಚ್ಚು ಒತ್ತಿ ನ್ಯೂಟ್ರಲ್ಲಿಗೆ ತಂದಳು, ಬಿಟ್ಟಳು, ಆಕ್ಸಿಲರೇಟರನ್ನು ಒಂದು ಚೂರು ಒತ್ತಿ ಕಿವಿಗೊಟ್ಟಳು, ಮತ್ತೆ ಕ್ಲಚ್ಚು ಒತ್ತಿ ಎರಡೇ ಬೆರಳಲ್ಲಿ ಕಡ್ಡಿ ಎಳೆದಳು. ಟಕ್. ಕರಕರ ಇಲ್ಲ, ಡಬ್ ಇಲ್ಲ. ನನ್ನನ್ನು ಕಚ್ಚಿದ ಅದೇ ಗೇರು ಅವಳ ಕೈಯಲ್ಲಿ ಸಾಕಿದ ಕರುವಿನ ಹಾಗೆ ಮಾತು ಕೇಳಿತು. ನಾನು ಟೀ ಕುಡಿದು ಟಿಕ್ಕು ಹಾಕಿದ ಮೂರನೇ ಗೇರು ಕೂಡ! ಹಾರನ್ನು ಹೊಡೆಯುವ ಬದಲು ಕಿಟಕಿಯಿಂದ ತಲೆ ಹಾಕಿ, "ಅಣ್ಣೋ, ಮದ್ವೆ ಹೆಣ್ಣೈತೆ, ಎತ್ತ ವಸಿ ಎಡಕ್ಕೆ ಎಳ್ಕಳಣ್ಣೋ!" ಎಂದು ಕೂಗಿದಳು. ಗಾಡಿಯವರು ಒಬ್ಬರಾದ ಮೇಲೊಬ್ಬರು ಎಡಕ್ಕೆ ಸರಿದು, ಡ್ರೈವರನ್ನು ನೋಡಿ ಬಾಯಿ ತೆರೆದುಕೊಂಡು ನಿಂತರು.

ನಾನು ಹಿಂದಿನ ಸೀಟಿನಲ್ಲಿ, ಹೆಣ್ಣಿನ ಪಕ್ಕ, ತೊಡೆಯ ಮೇಲೆ ಕಳಸ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂತಿದ್ದೆ. ಒಂದೇ ಒಂದು ಹನಿ ಚೆಲ್ಲಲು ಬಿಡಲಿಲ್ಲ. ಇಡೀ ದಿನದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ನಾಲ್ಕು ಇಪ್ಪತ್ತಕ್ಕೆ ಕೆ.ಆರ್. ಪೇಟೆಯ ಮನೆ ಮುಂದೆ ಕಾರು ನಿಂತಿತು. ಪುಟ್ಟಗೌರಮ್ಮನವರು ಆರತಿ ತಟ್ಟೆ ಹಿಡಿದು, ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು ಕಾಯುತ್ತಿದ್ದರು. ಸುಧ, ತಿಮ್ಮರಾಜು ಇಳಿದರು. ಅವರ ಹಿಂದೆ ನಾನು ಇಳಿದೆ. ಓಡಿ ಹೋಗಿ ಮಂಗಳಮ್ಮನ ಕಡೆ ಕಳಸ ಚಾಚಿದೆ.

"ತಡೀರಿ!" ಎಂದರು ಪುಟ್ಟಗೌರಮ್ಮ. "ಒಸಿಲ ಮುಂದಕ್ಕೆ ಬಂದ್ ಮ್ಯಾಲೆ ಕಳಸ ಕೈ ಬದ್ಲಾಯ್ಸಂಗಿಲ್ಲ. ತಂದೋರೇ ಒಳೀಕೆ ತರ್ಬೇಕು."

"ಅಮ್ಮಾ, ನಾನು ಗಂಡಸು!"

"ಅದು ಕಾಣ್ತದೆ. ರಾವುಕಾಲಕ್ಕೆ ಇನ್ನ ಅತ್ತೇ ನಿಮಿಸ ಐತೆ, ಸುಮ್ಕೆ ಹುಡುಗಿ ಪಕ್ದಲ್ಲಿ ನಿಂತ್ಕಳಿ!"

ಸುಧಳ ಮುಖ ನೋಡಿದೆ. ನಿಂತೆ. ಆರತಿ ಎತ್ತಿದರು. ಹೆಣ್ಣಿಗೆ ಇಟ್ಟಂತೆಯೇ ನನ್ನ ಹಣೆಗೂ ಕುಂಕುಮ, ಕೆನ್ನೆಗೆ ಅರಿಸಿನ ಬಂತು. ಒಬ್ಬ ಅಜ್ಜಿ ಮಲ್ಲಿಗೆ ದಂಡೆ ಹಿಡಿದು ಬಂದು, ನನ್ನ ಬೋಳು ನೆತ್ತಿಯಲ್ಲಿ ಮುಡಿಸುವ ಜಾಗ ಹುಡುಕಿ ಸಿಗದೆ ಕಿವಿಗೆ ಸಿಕ್ಕಿಸಿದಳು. ಸೋಬಾನೆ ಹೇಳುವ ಹೆಂಗಸರಿಗೆ ನಗು ತಡೆಯಲಾಗದೆ ಹಾಡು ಎರಡು ಸಲ ನಿಂತಿತು. ಸುಧ ಸೇರು ಒದ್ದು ಬಲಗಾಲಿಟ್ಟು ಒಳಗೆ ಹೋದಳು. ನಾನೂ ಬಲಗಾಲಿಟ್ಟೆ. ಒಳಗೆ ಮಣೆ ಹಾಕಿ ಕೂರಿಸಿ ಕಳಸಗಿತ್ತಿಯ ಮಡಿಲು ತುಂಬಿದರು: ಅಕ್ಕಿ, ಬೆಲ್ಲ, ಕೊಬ್ಬರಿ, ಹಸಿರು ರವಿಕೆ ಕಣ. ಬಳೆ ತೊಡಿಸಲು ಕೈ ಹಿಡಿದರು, ಪುಣ್ಯಕ್ಕೆ ಅಳತೆ ಸಾಲಲಿಲ್ಲ.

ಆಮೇಲೆ ಪುಟ್ಟಗೌರಮ್ಮನವರು ಜರಿಯಂಚಿನ ಪಂಚೆ, ಶಲ್ಯದ ತಟ್ಟೆ ಹಿಡಿದು, "ಹೆಣ್ಣ ಹೊತ್ಗೆ ಸರ್ಯಾಗಿ ಮುಟ್ಟುಸ್ದೋರು ಎಲ್ಲಿ?" ಎಂದು ಕೇಳಿದರು. ಎಲ್ಲರೂ ಮಂಗಳಮ್ಮನ ಕಡೆ ಕೈ ತೋರಿಸಿದರು. ಮಾಯಣ್ಣನೇ ಮುಂದೆ ನಿಂತು ಶಲ್ಯ ಹೊದಿಸಿದ. ಮಂಗಳಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದರೆ ನಗು ಬರುತ್ತದೆಂದು ನೋಡಲಿಲ್ಲ ಎಂದು ಆಮೇಲೆ ಹೇಳಿದಳು.

ಮಾರನೆಯ ವಾರ ಕುಳ್ಳಯ್ಯನ ಹತ್ತಿರ ಹೋಗಿ, ಕಿತ್ತದ್ದನ್ನೆಲ್ಲ ಮತ್ತೆ ಹಾಕಿಸೋಣ ಎಂದೆ. ಮಂಗಳಮ್ಮ ಒಪ್ಪಲಿಲ್ಲ. "ಸುಮ್ಕೆ ಯಾಕ್ರೀ? ನನಗೆ ಚೆನ್ನಾಗೇ ಒಗ್ಗೈತೆ," ಎಂದಳು. ಅಲ್ಲಿಂದ ಮುಂದೆ ಕಾರಿನ ಬೀಗದ ಕೈ ಅವಳ ಸೊಂಟಕ್ಕೆ ಹೋಯಿತು.

ಮೊನ್ನೆ ನಾಗಮಂಗಲದ ಕಡೆಯಿಂದ ಚಿಕ್ಕಮಾದಯ್ಯ ಎನ್ನುವ ಹಿರಿಯರೊಬ್ಬರು ಲಗ್ನಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದರು. ಪರಿಚಯವಿಲ್ಲ, ಹೆಸರು ಕೇಳಿ ಬಂದವರು. ನಾನು ಕುರ್ಚಿ ಹಾಕಿದೆ. ಅವರು ಕೂರದೆ ಮಂಗಳಮ್ಮನಿಗೆ ಕೈ ಮುಗಿದರು.

"ತಾಯಿ, ನಮ್ ಮಗಳ ಮದ್ವೆಗೆ ನೀವೇ ಗಾಡಿ ಓಡ್ಸಿ ಹೆಣ್ಣ ಮುಟ್ಟುಸ್ಕೊಡ್ಬೇಕು."

"ಅದುಕ್ಕೇನಂತೆ, ಬತ್ತೀನಿ ಬುಡಿ," ಎಂದಳು ಇವಳು.

ಹಿರಿಯರು ನನ್ನ ಕಡೆ ತಿರುಗಿ, ಸಂಕೋಚದಿಂದ ಟವೆಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದರು.

"ಸ್ವಾಮೇರೂ ಜೊತೇಲಿ ಬರ್ಬೇಕು. ನಮ್ ಕಡೆ ಕಳಸ ಇಡ್ಯೋ ಹುಡುಗೀರೆಲ್ಲ ದಾರೀಲೇ ಅರ್ಧ ಚೆಲ್ಕಂಡು ಬತ್ತಾವೆ. ನೀವು ಕಿರಂಗೂರೋರ ಮದ್ವೇಲಿ ಒಂದು ಹನೀನೂ ತುಳುಕುಸ್ಲಿಲ್ವಂತೆ, ಇಡೀ ತಾಲೂಕಲ್ಲಿ ಮಾತು."

ನನಗೆ ಕೋಪ ಬರಬೇಕಿತ್ತು. ಮೈಯೆಲ್ಲ ಉರಿಯಬೇಕಿತ್ತು. ಆದರೆ ಹದಿನಾಲ್ಕು ವರ್ಷದ ನೌಕರಿಯಲ್ಲಾಗಲಿ, ಹನ್ನೆರಡು ವರ್ಷದ ಸಂಸಾರದಲ್ಲಾಗಲಿ, ನೀವು ಈ ಕೆಲಸ ಚೆನ್ನಾಗಿ ಮಾಡುತ್ತೀರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಮುಹೂರ್ತ ಎಷ್ಟು ಗಂಟೆಗೆ ಎಂದು ಕೇಳಿದೆ.